ಸೌನಾ ಹೊತ್ತಿನಲ್ಲಿ ಮುಳುಗಿದ ಕುಯಿಕ್ಕ

ನಮ್ಮೂರು ಹೌಕಿನಿಯೆಮಿಯಲ್ಲಿ ಔಲಿಸನಿಗೆ ಹದಿನೈದು ವರ್ಷ ಒಂದೇ ಪ್ರಶ್ನೆ ಕಾದಿರುತ್ತಿತ್ತು. ಅಂಗಡಿಗೆ ಕಾಫಿಪುಡಿ ತರಲು ಹೋದರೆ, ಚರ್ಚಿನ ಮೆಟ್ಟಿಲು ಇಳಿದರೆ, ಅಂಚೆ ದೋಣಿ ಬರುವ ಕಟ್ಟೆಯ ಮೇಲೆ ನಿಂತರೆ, ಕಪ್ತಾನ ತಾವೆತ್ತಿ ಎಲ್ಲಿಂದಲೋ ಪ್ರತ್ಯಕ್ಷನಾಗುತ್ತಿದ್ದ. ಸುತ್ತ ನಾಲ್ಕು ಜನ ಇದ್ದಾರೆಂದು ಖಾತ್ರಿ ಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡು ಕೇಳುತ್ತಿದ್ದ:

"ನಲ್ಲಿ ಬಂದ್ ಮಾಡಿದ್ಯಾ, ಮೇಸ್ತ್ರಿ?"

ಜನ ನಗುತ್ತಿದ್ದರು. ಮೊದಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು, ಆಮೇಲೆ ಅಭ್ಯಾಸಕ್ಕೆ ನಕ್ಕರು. ಔಲಿಸ ಮಾತ್ರ ಒಂದು ದಿನವೂ ಬಾಯಿ ಬಿಡಲಿಲ್ಲ. ಟೋಪಿ ಕಣ್ಣಿನ ತನಕ ಎಳೆದುಕೊಂಡು ಮನೆ ದಾರಿ ಹಿಡಿಯುತ್ತಿದ್ದ. ನಮ್ಮ ಕಡೆಯವರು ಮೊದಲೇ ಮಾತಿಗೆ ಜಿಪುಣರು. ಅವರ ನಡುವೆಯೂ ಔಲಿಸ ಜಿಪುಣನೆನ್ನಿಸಿಕೊಂಡವನು.

ಆ ಪ್ರಶ್ನೆ ಅವನಿಗೆ ಎಷ್ಟು ನೋಯುತ್ತಿತ್ತು ಅನ್ನುವುದು ತಿಳಿಯಬೇಕಾದರೆ ಕುಯಿಕ್ಕದ ಕಥೆ ಹೇಳಬೇಕು.

ಕುಯಿಕ್ಕ ಅಂದರೆ ಸೈಮಾ ಸರೋವರದ ಹಕ್ಕಿ. ಇಲ್ಲಿ ಮುಳುಗಿ, ಯಾರೂ ಎಣಿಸದ ಕಡೆ ತಲೆ ಎತ್ತುತ್ತದೆ. ಆ ಹಕ್ಕಿಯ ಹೆಸರಿಟ್ಟ ಹಡಗು ನಮ್ಮೂರಿನ ದಡದಲ್ಲೇ, ನಮ್ಮೂರಿನ ಪೈನ್ ಮರದಲ್ಲೇ ಹುಟ್ಟಿತು. ಐವತ್ತು ಅಡಿ ಉದ್ದ, ದಪ್ಪ ಹೊಟ್ಟೆ, ಉದ್ದ ಹೊಗೆಕೊಳವೆ. ಹಡಗು ಅನ್ನುವುದಕ್ಕೆ ಪೇಟೆಯವರು ನಗುತ್ತಿದ್ದರು. ನಮಗೆ ಅದು ಹಡಗೇ. ಸೌದೆ ತಿಂದು, ಉಗಿ ಉಗುಳಿ, ತನ್ನ ಹಿಂದೆ ಅರ್ಧ ಕಾಡನ್ನೇ ಎಳೆದುಕೊಂಡು ಬರುತ್ತಿತ್ತು. ಉತ್ತರದ ನದಿಗಳಲ್ಲಿ ತೇಲಿಬಂದ ಮರದ ದಿಮ್ಮಿಗಳನ್ನು ಸಾವಿರಗಟ್ಟಲೆ ಒಟ್ಟು ಸೇರಿಸಿ, ಕಟ್ಟಿ, ತೆಪ್ಪ ಮಾಡಿ, ದಕ್ಷಿಣದ ಕಾರ್ಖಾನೆಗಳಿಗೆ ಎಳೆದೊಯ್ಯುವುದು ಅದರ ಕೆಲಸ. ಗಂಟೆಗೆ ಒಂದು ಕಿಲೋಮೀಟರ್, ಗಾಳಿ ಒಲಿದರೆ ಒಂದೂವರೆ. ದಡದಲ್ಲಿ ಮೇಯುತ್ತಾ ಹೊರಟ ಹಸು ಕುಯಿಕ್ಕವನ್ನು ಹಿಂದೆ ಹಾಕಿದ್ದನ್ನು ಎಲ್ಲರೂ ನೋಡಿದ್ದರು. ಬೆಳಗ್ಗೆ ಯಾರದೋ ಮನೆಯ ಮುಂದೆ ಸಿಳ್ಳೆ ಹಾಕಿದರೆ, ಸಂಜೆಗೂ ಅದೇ ಮನೆಯ ಕಿಟಕಿ ಕಾಣುತ್ತಿತ್ತು. ಆ ಕಿಟಕಿಯಲ್ಲಿ ಹುಡುಗಿ ಇದ್ದರೆ ಅದು ಸುಖ, ಸಾಲಗಾರ ಇದ್ದರೆ ಕಷ್ಟ.

ಇಪ್ಪತ್ತೊಂಬತ್ತು ಬೇಸಿಗೆ ತಾವೆತ್ತಿ ಅದರ ಚಕ್ರ ಹಿಡಿದ. ಇಪ್ಪತ್ತೊಂಬತ್ತು ಬೇಸಿಗೆ ಔಲಿಸ ಕೆಳಗೆ ಇಂಜಿನ್ ಕೋಣೆಯಲ್ಲಿ ನಿಂತ. ಮಂಜುಗಡ್ಡೆ ಕರಗಿದ ಮೇ ತಿಂಗಳಿಂದ ಮತ್ತೆ ಹೆಪ್ಪುಗಟ್ಟುವ ನವೆಂಬರ್ ತನಕ ಒಬ್ಬನ ತಲೆಯ ಮೇಲೆ ಇನ್ನೊಬ್ಬನ ಕಾಲು. ಕಪ್ತಾನ ಮೇಲಿಂದ ನೆಲಕ್ಕೆ ಎರಡು ಸಲ ಒದ್ದರೆ ಉಗಿ ಹೆಚ್ಚಿಸು ಎಂದರ್ಥ, ಒಂದು ಸಲ ಒದ್ದರೆ ಕಾಫಿ ಆಯ್ತಾ ಎಂದರ್ಥ. ಇಬ್ಬರಿಗೂ ಜಗಳ ಇಲ್ಲದ ದಿನ ಇರಲಿಲ್ಲ. ತಾವೆತ್ತಿ ಎಡಗೈಯವನು. ಸರಪಳಿಯ ಕೊಂಡಿಗೆ ತಾಮ್ರದ ತಂತಿ ಸುತ್ತಿ ಬಿಗಿಯುವಾಗ ಊರಿಗೆಲ್ಲ ತಿರುಗು ಮುರುಗಾಗಿ ಸುತ್ತುತ್ತಿದ್ದ, ಕೊನೆಗೆ ತುದಿಯನ್ನು ಮಡಚಿ ಒಳಗೆ ತೂರಿಸುತ್ತಿದ್ದ. ಬಿಚ್ಚುವ ಸರದಿ ಔಲಿಸನದು. ಬಿಚ್ಚಲು ಹೋಗಿ ಇನ್ನೂ ಬಿಗಿ ಮಾಡಿಕೊಂಡು ಬೆರಳು ಸೀಳಿಸಿಕೊಳ್ಳುತ್ತಿದ್ದ.

"ದೇವರು ನಿಂಗೆ ಬಲಗೈ ಕೊಟ್ಟಿದ್ದು ಯಾಕೋ?"

"ಕಾಫಿ ಲೋಟ ಹಿಡಿಯೋಕೆ. ಬಾಯಿ ಮುಚ್ಕೊಂಡು ಬಿಚ್ಚು ಮೇಸ್ತ್ರಿ."

ಗಾಳಿ ಎದುರಾದ ದಿನ ಯಾವುದಾದರೂ ದ್ವೀಪದ ಮರೆಯಲ್ಲಿ ತೆಪ್ಪ ನಿಲ್ಲಿಸಿ ಕಾಯಬೇಕಿತ್ತು. ಎರಡು ದಿನವೋ, ನಾಲ್ಕು ದಿನವೋ, ಗಾಳಿಯ ಇಷ್ಟ. ಆಗ ಅಡುಗೆಯ ಲೆಂಪಿ ಬಲೆ ಬೀಸಿ ಮುಯಿಕ್ಕು ಮೀನು ಹಿಡಿದು, ಹಾಲು, ಈರುಳ್ಳಿ ಹಾಕಿ ಸಾರು ಮಾಡುತ್ತಿದ್ದಳು. ಆ ಬೆರಳುದ್ದದ ಮೀನಿನ ಸಾರು, ರೈ ರೊಟ್ಟಿ, ಬೆಣ್ಣೆ, ದಿಮ್ಮಿಗಳ ಮೇಲೆ ಕೂತು ಕಾಲು ನೀರಿಗೆ ಬಿಟ್ಟ ಜನ, ಕತ್ತಲಾಗದ ಆಕಾಶ: ಅಷ್ಟು ಸುಖವನ್ನು ಆಮೇಲೆ ಔಲಿಸ ಎಲ್ಲೂ ಕಾಣಲಿಲ್ಲ. ಅಂಥ ಒಂದು ಗಾಳಿಯ ದಿನ ಲೆಂಪಿ ಸಾರಿನ ಸೌಟು ಹಿಡಿದುಕೊಂಡೇ, "ಇನ್ನೂ ಎಷ್ಟು ವರ್ಷ ನನ್ನ ನೋಡ್ತಾ ಕೂರ್ತೀಯ? ಕೇಳೋದಿದ್ರೆ ಕೇಳು, ಸಾರು ತಣ್ಣಗಾಗ್ತಿದೆ" ಅಂದಿದ್ದಳು. ಅವನು ಕೇಳಿದ. ಮದುವೆಯ ದಿನ ತಾವೆತ್ತಿ ಕುಯಿಕ್ಕದ ಸಿಳ್ಳೆಯನ್ನು ಎಳೆದು ಹಿಡಿದು, ಬಾಯ್ಲರಿನ ಉಗಿಯೆಲ್ಲ ಖಾಲಿ ಮಾಡಿ, ಔಲಿಸನಿಂದ ಬೈಸಿಕೊಂಡ.

ಅದೇ ತಾವೆತ್ತಿ ಹಳೆಯ ತೆಪ್ಪದೋಣಿಯೊಂದು ಗುಜರಿಗೆ ಹೋದಾಗ ಅದರ ಲಂಗರನ್ನು ಹೊತ್ತು ತಂದು ತನ್ನ ಸೌನಾದ, ಅಂದರೆ ಉಗಿಸ್ನಾನದ ಮನೆಯ, ಗೋಡೆಗೆ ಒರಗಿಸಿಕೊಂಡಿದ್ದ. ಅದರ ಒಂದು ಕೊಕ್ಕೆ ಸೊಟ್ಟ. ಸ್ನಾನದಲ್ಲಿ ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಕಟ್ಟುಗಳನ್ನು ಅದಕ್ಕೆ ನೇತುಹಾಕುತ್ತಿದ್ದ. ಯಾರಾದರೂ ನಕ್ಕರೆ, "ಸೌನಾ ತೇಲ್ಕೊಂಡು ಹೋದ್ರೆ ನಿಮ್ಮಪ್ಪ ತಂದ್ಕೊಡ್ತಾನಾ?" ಅನ್ನುತ್ತಿದ್ದ.

ಸಾವಿರದ ಒಂಬೈನೂರ ಅರವತ್ತನಾಲ್ಕರ ವಸಂತದಲ್ಲಿ ಎಲ್ಲ ಮುಗಿಯಿತು. ಡೀಸೆಲ್ಲಿನ ಕಬ್ಬಿಣದ ದೋಣಿಗಳು ಬಂದಿದ್ದವು, ಲಾರಿಗಳು ಬಂದಿದ್ದವು. ಮರದ ಕಂಪನಿಯವರು ಕುಯಿಕ್ಕವನ್ನು ಊರಿನ ಯುವಕ ಸಂಘಕ್ಕೆ ಉದಾರವಾಗಿ ದಾನ ಮಾಡಿದರು. ದಾನಕ್ಕೊಂದು ಷರತ್ತು: ಬೇಸಿಗೆಯ ನಡುಹಬ್ಬದ ಬೆಂಕಿಯಲ್ಲಿ ಅದನ್ನು ಸುಡಬೇಕು. ಮರ ಉರಿದು ಹೋದರೆ ಕಬ್ಬಿಣ, ತಾಮ್ರ ಸಲೀಸಾಗಿ ಆರಿಸಿಕೊಳ್ಳಬಹುದಲ್ಲ! ನಡುಹಬ್ಬಕ್ಕೆ ಹಳೆಯ ದೋಣಿ ಸುಡುವುದು ನಮ್ಮಲ್ಲಿ ಹೊಸದಲ್ಲ, ಅಜ್ಜಂದಿರ ಕಾಲದಿಂದ ಇದೆ. ದುಡಿದ ದೋಣಿಗೆ ಅದು ಮರ್ಯಾದೆಯ ಸಾವು ಅನ್ನುತ್ತಾರೆ. ಆದರೆ ಐವತ್ತು ಅಡಿಯ ಹಡಗನ್ನು ಯಾರೂ ಸುಟ್ಟಿರಲಿಲ್ಲ. ಊರಿನ ಹುಡುಗರಿಗೆ ಕಾಲು ನೆಲದ ಮೇಲಿರಲಿಲ್ಲ.

ಸುಡುತ್ತೇವೆಂದು ಊರಿನ ಪರವಾಗಿ ಕಂಪನಿಯ ಕಾಗದಕ್ಕೆ ರುಜು ಹಾಕಿದವನು ತಾವೆತ್ತಿಯೇ.

"ಸುಡ್ತೀಯಾ?" ಔಲಿಸ ಕೇಳಿದ.

"ಮತ್ತೇನು? ಹುಲ್ಲಿನ ಮಧ್ಯೆ ಮಲಗಿಸಿ ಕೊಳೆಸ್ತೀಯಾ? ಕೋಳಿ ಮೊಟ್ಟೆ ಇಡೋದು ನೋಡ್ತೀಯಾ? ಒಂದು ಸಂಜೆ ಚೆನ್ನಾಗಿ ಉರೀಲಿ. ಎಲ್ಲರೂ ಟೋಪಿ ತೆಗೆದು ನಿಲ್ಲಲಿ. ನಂಗೂ ಹಾಗೆ ಯಾರಾದ್ರೂ ಮಾಡಿದ್ರೆ ಬೇಡ ಅನ್ನಲ್ಲ."

"ಇನ್ನೂ ಐವತ್ತು ವರ್ಷ ಬಾಳೋ ಮರ ಅದು."

"ಯಾರಿಗೋಸ್ಕರ ಬಾಳ್ಬೇಕು ಮೇಸ್ತ್ರಿ? ಎಳೆಯೋಕೆ ಏನಿದೆ?" ತಾವೆತ್ತಿ ಸಿಡುಕಿದ. "ಮಾತು ಕೊಟ್ಟಾಯ್ತು. ನನ್ನ ಮಾತು."

ಮಾತು ಅಂದರೆ ತಾವೆತ್ತಿಗೆ ಮಾತು. ಔಲಿಸ ಮತ್ತೆ ಕೇಳಲಿಲ್ಲ. ಆದರೆ ಆ ರಾತ್ರಿಯಿಂದ ಅವನ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ತಾನು ಎಣ್ಣೆ ಹಾಕಿ, ಒರೆಸಿ, ಮಕ್ಕಳಿಗೆ ಸ್ನಾನ ಮಾಡಿಸುವಂತೆ ನೋಡಿಕೊಂಡ ಇಂಜಿನ್ನನ್ನು ಬೂದಿಯಿಂದ ಕೋಲಿನಲ್ಲಿ ಕೆದಕಿ ತೆಗೆಯುವುದನ್ನು ಅವನು ನೋಡಲಾರದವನಾಗಿದ್ದ.

ಬೆಂಕಿ ಹಚ್ಚುವ ಹಿಂದಿನ ದಿನ, ಗುರುವಾರ, ಕೊನೆಯ ಸಲ ಒಲೆ ಹೊತ್ತಿಸಿ ಕುಯಿಕ್ಕವನ್ನು ಬೆಂಕಿಬಂಡೆಗೆ ತಂದರು. ಊರಿಗೆ ಎದುರಾಗಿ, ನೀರಿನ ನಡುವೆ ಬೋಳು ಬೆನ್ನು ತೋರಿಸಿಕೊಂಡು ಮಲಗಿದ ಬಂಡೆ ಅದು. ಪ್ರತಿ ವರ್ಷ ಹಬ್ಬದ ಬೆಂಕಿ ಅಲ್ಲೇ. ತಾವೆತ್ತಿ ಚಕ್ರ ಹಿಡಿದಿದ್ದ, ಔಲಿಸ ಕೆಳಗಿದ್ದ. ಎರಡು ಸಲ ಒದೆ ಬಂತು, ಉಗಿ ಹೆಚ್ಚಿಸಿದ. ಒಂದು ಸಲ ಒದೆ ಬಂತು. ಕಾಫಿ ಒಯ್ದು ಕೊಟ್ಟ. ಇಬ್ಬರೂ ಒಟ್ಟಿಗೆ ಕುಡಿದರು. ಬಂಡೆಗೆ ಹಗ್ಗ ಕಟ್ಟಿದ ಮೇಲೆ ಔಲಿಸ, ಗಾಳಿಗೆ ತಿರುಗದಿರಲಿ ಎಂದು ನೆಪ ಹೇಳಿ, ಹಿಂಬದಿಯ ಲಂಗರನ್ನು ಇಳಿಸಿ ನೀರಿನೊಳಗಿನ ಬಿರುಕೊಂದಕ್ಕೆ ಕಚ್ಚಿಸಿದ. ಅಲ್ಲಿನ ತಳ ಅವನಿಗೆ ಗೊತ್ತು. ಬಂಡೆಯ ಬುಡದಲ್ಲಿ ಐದಾಳು ಆಳಕ್ಕೆ ಜಗಲಿಯಂಥ ಜಾಗ. ಅದರ ಅಂಚು ದಾಟಿದರೆ ನಲವತ್ತಾಳು.

ಶುಕ್ರವಾರ ಮಧ್ಯಾಹ್ನದ ತನಕ ಹುಡುಗರು ಹಡಗಿನ ಮೇಲೆ ಸೌದೆ, ಒಣ ಜುನಿಪರ್ ಕೊಂಬೆ, ಟಾರಿನ ಪೀಪಾಯಿ ಪೇರಿಸಿದರು. ಕೊಳವೆ, ಕಂಬ ಇಳಿಸಿದರು. ಎರಡು ಗಂಟೆಗೆ ಎಲ್ಲರೂ ಹೊರಟರು, ಯಾಕೆಂದರೆ ಸೌನಾ ಹೊತ್ತು. ಹಬ್ಬದ ಮುನ್ನಾದಿನ ಆ ಹೊತ್ತಿಗೆ ನಮ್ಮೂರಿನಲ್ಲಿ ಮನೆಗೆ ಕಳ್ಳ ಬಂದರೂ ಹಿಡಿಯುವವರಿಲ್ಲ; ಕಳ್ಳನೂ ಸೌನಾದಲ್ಲಿರುತ್ತಾನೆ. ದಡದುದ್ದಕ್ಕೂ ಹೊಗೆ ಎದ್ದಿತು. ಹೊಸ ಬರ್ಚ್ ಸೊಪ್ಪಿನ ವಾಸನೆ ನೀರಿನ ಮೇಲೆ ತೇಲಿಬಂತು.

"ನೀನು ಬರಲ್ವಾ?" ದೋಣಿಯಿಂದ ತಾವೆತ್ತಿ ಕೂಗಿದ.

"ಹಿತ್ತಾಳೆ ಮಾಪಕ ಬಿಚ್ಕೊಂಡು ಬರ್ತೀನಿ. ಲೆಂಪಿಗೆ ಬೇಕಂತೆ."

ತಾವೆತ್ತಿ ಒಂದು ಗಳಿಗೆ ಅವನನ್ನು ನೋಡಿ, ಹುಟ್ಟು ಹಾಕಿಕೊಂಡು ಹೋದ.

ಔಲಿಸ ಲೆಂಪಿಯ ಉಗ್ರಾಣದಿಂದ ಕದ್ದು ತಂದಿದ್ದ ಎರಡು ಬಕೆಟ್ ಕೊಬ್ಬನ್ನು ಮೂಲೆಯಿಂದ ಈಚೆ ಎಳೆದ. ಸಿಲಿಂಡರಿಗೆ ಬಳಿದ, ಸರಳುಗಳಿಗೆ ಬಳಿದ, ತಿರುಪು ತಿರುಪಿಗೂ ಬೆರಳಿಂದ ಒತ್ತಿ ತುಂಬಿದ. ಒಂದು ಬೋಲ್ಟನ್ನೂ ಬಿಡಲಿಲ್ಲ. ಸೈಮಾದ ನೀರು ಸಿಹಿ, ತಣ್ಣಗೆ. ಅದರಲ್ಲಿ ಮರ ಕೊಳೆಯದು. ಗಾಳಿಯಲ್ಲಿ ಒಣಗಿ ಬಿರುಕು ಬಿಡುವ ಹಲಗೆಗಳು ನೀರಿನಡಿ ಉಬ್ಬಿಕೊಂಡು ಗಟ್ಟಿಯಾಗುತ್ತವೆ. ವಸಂತದಲ್ಲಿ ಒಣಗಿದ ದೋಣಿಯನ್ನು ನೀರಲ್ಲಿ ಮುಳುಗಿಸಿಡುವುದು ನಮ್ಮ ಮಕ್ಕಳಿಗೂ ಗೊತ್ತು. ಔಲಿಸ ಮಾಡಿದ್ದು ಅದನ್ನೇ, ಸ್ವಲ್ಪ ದೊಡ್ಡದಾಗಿ.

ಕೊನೆಗೆ ಮೊಣಕಾಲೂರಿ ಕೂತು, ಸರೋವರದ ನೀರನ್ನು ಒಳಗೆ ಬಿಡುವ ತಳದ ನಲ್ಲಿಯ ತಿರುಪಿಗೂ ಕೊಬ್ಬು ಮೆತ್ತಿ, ಅದನ್ನು ಪೂರ್ತಿ ತೆರೆದ. ನೀರು ಗುಳುಗುಳು ಎಂದು ಒಳಗೆ ಬಂತು. ಬಾಯ್ಲರಿನ ಮೈ ತಟ್ಟಿ, "ಮಲಗಿರು" ಅಂದ. ಬಂಡೆಯ ಹಗ್ಗಗಳನ್ನು ಬಿಚ್ಚಿ, ಹಡಗನ್ನು ಜಗಲಿಯ ಮೇಲಕ್ಕೆ ಸರಿಸಿ, ನೀರು ಒಲೆಯ ಬಾಯಿ ಮುಟ್ಟಿದ ಮೇಲೆ ಜೊಂಡಿನ ಮರೆಯಲ್ಲಿ ದೋಣಿ ನಡೆಸಿಕೊಂಡು ಮನೆಗೆ ಬಂದ. ಮುಳುಗಲು ಇನ್ನೂ ಒಂದು ಗಂಟೆಯಾದರೂ ಬೇಕಿತ್ತು. ನಿಂತು ನೋಡುವ ಧೈರ್ಯ ಅವನಿಗಿರಲಿಲ್ಲ.

ಲೆಂಪಿ ಸೌನಾದಲ್ಲಿ ಅವನ ಬೆನ್ನಿಗೆ ಸೊಪ್ಪಿನ ಕಟ್ಟಿನಿಂದ ಎರಡು ಬಾರಿಸಿ, ಮೂಗು ಅರಳಿಸಿದಳು.

"ನನ್ನ ಕೊಬ್ಬೆಲ್ಲಿ?"

ಔಲಿಸ ಒಲೆಯ ಕಾದ ಕಲ್ಲಿನ ಮೇಲೆ ನೀರು ಎರಚಿದ. ಉಗಿ ಬುಸ್ಸೆಂದಿತು.

"ಎರಡು ಬಕೆಟ್! ಮೇಣದಬತ್ತಿಗೆ ಅಂತ ಇಟ್ಟಿದ್ದೆ." ಆಮೇಲೆ ಅವನ ಮುಖ ನೋಡಿ ಅವಳ ದನಿ ಇಳಿಯಿತು. "ಅಯ್ಯೋ ದೇವ್ರೇ. ಏನ್ ಮಾಡಿ ಬಂದೆ ನೀನು?"

ಆರು ಗಂಟೆಗೆ ಊರಿಗೆ ಊರೇ ಹಬ್ಬದ ಬಟ್ಟೆಯಲ್ಲಿ ದಡಕ್ಕೆ ಇಳಿದಾಗ ಬೆಂಕಿಬಂಡೆಯ ಪಕ್ಕ ಏನೂ ಇರಲಿಲ್ಲ. ಸೌದೆ ತೇಲುತ್ತಿತ್ತು. ಟಾರಿನ ಪೀಪಾಯಿಗಳು ಬಾತುಕೋಳಿಗಳ ಹಾಗೆ ಒಂದರ ಹಿಂದೊಂದು ಹೊರಟಿದ್ದವು. ಅಕಾರ್ಡಿಯನ್ ನಿಂತಿತು. ಪೇಟೆಯಿಂದ ಬಂದಿದ್ದ ಕಂಪನಿಯ ಸಾಹೇಬ ಕೆಂಪಗಾದ.

"ಯಾರ ಕೆಲಸ ಇದು? ಬೇಕಂತಲೇ ಮಾಡಿದ್ದಾದ್ರೆ ಸುಮ್ನೆ ಬಿಡಲ್ಲ. ಪಿಂಚಣಿಗೆ ಕಲ್ಲು ಬೀಳುತ್ತೆ, ತಿಳ್ಕೊಳ್ಳಿ!"

ಎಲ್ಲರ ಕಣ್ಣು ಔಲಿಸನ ಮೇಲೆ. ಆಗ ಜನರ ನಡುವೆ ದಾರಿ ಮಾಡಿಕೊಂಡು ತಾವೆತ್ತಿ ಬಂದ. ಎಡಗೈಗೆ ದಪ್ಪ ಬಟ್ಟೆ ಸುತ್ತಿದ್ದ. ಸೌನಾದ ಕಲ್ಲಿಗೆ ಕೈ ತಾಗಿತು ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ. ಔಲಿಸನ ಎದುರು ನಿಂತು, ಇಡೀ ದಡಕ್ಕೆ ಕೇಳುವ ಹಾಗೆ ಕೂಗಿದ:

"ನಲ್ಲಿ ಬಂದ್ ಮಾಡಿದ್ಯಾ, ಮೇಸ್ತ್ರಿ?"

ಔಲಿಸ ನೆಲ ನೋಡಿದ.

"ಮರ್ತಿದಾನೆ!" ತಾವೆತ್ತಿ ಸಾಹೇಬನ ಕಡೆ ತಿರುಗಿದ. "ಬಾಯ್ಲರ್ ನೀರು ಬಿಟ್ಟಿದಾನೆ, ತಳದ ನಲ್ಲಿ ಹಾಗೇ ಬಿಟ್ಟು ಸೌನಾಗೆ ಓಡಿದಾನೆ. ಬರ್ಕೊಳ್ಳಿ ಸ್ವಾಮಿ, ಮೇಸ್ತ್ರಿಗೆ ವಯಸ್ಸಾಯ್ತು, ಮರೆವು. ಇಪ್ಪತ್ತೊಂಬತ್ತು ವರ್ಷ ಇಂಥವನ ನೆತ್ತಿ ಮೇಲೆ ನಾನು ನಿದ್ದೆ ಮಾಡಿದೀನಿ ನೋಡಿ!"

ದಡಕ್ಕೆ ದಡವೇ ನಕ್ಕಿತು. ಸಾಹೇಬನೂ ನಕ್ಕ, ಬರೆದುಕೊಂಡ, ಹೋದ. ಮುಳುಗಿದ್ದನ್ನು ಎತ್ತುವ ಖರ್ಚು ಅದರ ತಾಮ್ರಕ್ಕಿಂತ ಹೆಚ್ಚು ಎಂದು ಕಂಪನಿ ಕೈ ತೊಳೆದುಕೊಂಡಿತು. ಹುಡುಗರು ತೇಲುವ ಸೌದೆ ಆರಿಸಿ ಬಂಡೆಯ ಮೇಲೆ ಒಂದು ಸಣ್ಣ ಬೆಂಕಿ ಮಾಡಿ ಕುಣಿದರು.

ಕುಯಿಕ್ಕ ಉಳಿಯಿತು. ಔಲಿಸನ ಹೆಸರು ಹೋಯಿತು. ಒಬ್ಬ ಇಂಜಿನ್ ಮೇಸ್ತ್ರಿಗೆ 'ನಲ್ಲಿ ಮರೆತವನು' ಅನ್ನಿಸಿಕೊಳ್ಳುವುದಕ್ಕಿಂತ ಹೀನಾಯ ಇನ್ನೊಂದಿಲ್ಲ. ಅಡುಗೆಯವಳಿಗೆ ವಿಷ ಹಾಕಿದಳು ಅಂದ ಹಾಗೆ ಅದು. ಅಷ್ಟಾದರೂ ಹಡಗಿಗೋಸ್ಕರ ಅದನ್ನು ನುಂಗಿಕೊಳ್ಳಬಹುದಿತ್ತು. ನುಂಗಲಾಗದೆ ಹೋದದ್ದು ತಾವೆತ್ತಿಯ ಬಾಯಿ. ಊರು ಮರೆಯಲು ತಯಾರಿತ್ತು, ತಾವೆತ್ತಿ ಬಿಡಲಿಲ್ಲ. ವರ್ಷ ವರ್ಷ, ಹೊಸದಾಗಿ ಬಂದ ಪಾದ್ರಿಗೆ, ಬೇಸಿಗೆಗೆ ಬಂದ ನೆಂಟರಿಗೆ, ಎಲ್ಲರೆದುರಿಗೆ ಅದೇ ಪ್ರಶ್ನೆ.

"ಹೋಗಿ ಹೇಳ್ಬಿಡು ಅವನಿಗೆ," ಲೆಂಪಿ ಬಡಿದುಕೊಳ್ಳುತ್ತಿದ್ದಳು. "ಗೆಳೆಯ ಅಲ್ವಾ?"

"ಗೆಳೆಯ! ಕಾಗದಕ್ಕೆ ರುಜು ಹಾಕಿದವನು. ಹೇಳಿದ್ರೆ ಅವನೇ ಎತ್ತಿಸಿ ಸುಡ್ತಾನೆ. ಮಾತು ಕೊಟ್ಟಿದಾನಲ್ಲ ಮಾತು!"

"ನಿಮ್ಮಿಬ್ಬರನ್ನೂ ಒಂದೇ ಸೌನಾಗೆ ಹಾಕಿ ಚಿಲಕ ಹಾಕ್ಬೇಕು ನಾನು."

ಇಬ್ಬರು ಒಟ್ಟಿಗೆ ಕಾಫಿ ಕುಡಿದದ್ದು ಆ ಗುರುವಾರವೇ ಕೊನೆ.

ಎಪ್ಪತ್ತೊಂಬತ್ತನೇ ಇಸವಿಯ ಚಳಿಗಾಲ ತಾವೆತ್ತಿಯ ಎದೆಗೆ ಬಂತು. ಲೆಂಪಿ ಔಲಿಸನ ಕೋಟು ತಂದು ಕೈಗೆ ಕೊಟ್ಟು ಬಾಗಿಲ ತನಕ ತಳ್ಳಿದಳು. ಅವನು ಹೋದ. ತಾವೆತ್ತಿ ಕಿಟಕಿಯ ಪಕ್ಕ ಮಲಗಿದ್ದ. ಆ ಕಿಟಕಿಯಿಂದ ಹೆಪ್ಪುಗಟ್ಟಿದ ಸರೋವರ, ಬೆಂಕಿಬಂಡೆ ಎರಡೂ ಕಾಣುತ್ತಿದ್ದವು. ಮಗಳು ನೀರು ತರಲು ಹೊರಗೆ ಹೋದಳು. ಕೋಣೆಯಲ್ಲಿ ಇಬ್ಬರೇ. ತಾವೆತ್ತಿ ತುಂಬ ಹೊತ್ತು ಉಸಿರು ಕೂಡಿಸಿಕೊಂಡು, ಯಾರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ ಕೇಳಿದ:

"ನಲ್ಲಿ ಬಂದ್ ಮಾಡಿದ್ಯಾ, ಮೇಸ್ತ್ರಿ?"

ಔಲಿಸನ ರಕ್ತ ಕುದಿಯಿತು. ಸಾಯುವಾಗಲೂ ಬಿಡಲಿಲ್ಲವಲ್ಲ ಇವನು! ಹಾಸಿಗೆಯ ಮೇಲೆ ಚಾಚಿದ್ದ ಆ ಎಡಗೈಯನ್ನು ಮುಟ್ಟದೆ, ಟೋಪಿ ಎಳೆದುಕೊಂಡು ಎದ್ದು ಬಂದ. ನಾಲ್ಕನೇ ದಿನ ಚರ್ಚಿನ ಗಂಟೆ ಹೊಡೆಯಿತು. ಶವದ ಹಿಂದೆ ಎಲ್ಲರಿಗಿಂತ ಕೊನೆಗೆ ನಡೆದ.

ಅದಾಗಿ ನಾಲ್ಕು ವರ್ಷಕ್ಕೆ, ಮಂಜುಗಡ್ಡೆ ಒಡೆದ ವಾರವೇ, ಮಾರ್ಕೆತ ಎಂಬ ಹೆಂಗಸು ಔಲಿಸನ ಅಂಗಳಕ್ಕೆ ಬಂದಳು. ಪೇಟೆಯ ಶಾಲೆಯಲ್ಲಿ ಮರಗೆಲಸ ಕಲಿಸುವವಳು. ಕೈ ನೋಡಿದರೆ ಗೊತ್ತಾಗುತ್ತಿತ್ತು. ಹಳೆಯ ಉಗಿದೋಣಿಗಳನ್ನು ಮತ್ತೆ ಓಡಿಸುವ ಹುಚ್ಚು ಆ ಹೊತ್ತಿಗೆ ಸೈಮಾದ ಸುತ್ತ ಹಿಡಿದಿತ್ತು.

"ಬೆಂಕಿಬಂಡೆ ಹತ್ರ ಒಂದು ಹಡಗಿದೆಯಂತೆ ಅಜ್ಜ. ಎತ್ತೋಣ ಅಂತಿದೀವಿ. ಆದ್ರೆ ಇಂಜಿನ್ ಪೂರ್ತಿ ತುಕ್ಕು ಹಿಡಿದಿರುತ್ತೆ ಅಲ್ವಾ?"

ಔಲಿಸ ಸೌದೆ ಸೀಳುತ್ತಿದ್ದ. ಕೊಡಲಿ ಕೆಳಗಿಟ್ಟ. ಅವನಿಗಾಗ ಎಪ್ಪತ್ತೇಳು ವರ್ಷ.

"ಹಿಡಿದಿರಲ್ಲ," ಅಂದ. "ಕೊಬ್ಬು ಬಳಿದಿದೀನಿ."

ಒಳಗಿಂದ ಲೆಂಪಿ ಕೂಗಿದಳು: "ನನ್ನ ಕೊಬ್ಬು! ಎರಡು ಬಕೆಟ್!"

ಹತ್ತೊಂಬತ್ತು ವರ್ಷದ ಮೇಲೆ ಮಾತು ಹೊರಬಿದ್ದದ್ದು ಹಾಗೆ. ಮಧ್ಯಾಹ್ನದ ಹೊತ್ತಿಗೆ ಅಂಗಡಿಯಲ್ಲಿ ಸುದ್ದಿ, ಸಂಜೆಗೆ ಊರಿಡೀ ಸುದ್ದಿ. ನಕ್ಕವರೆಲ್ಲ ಒಬ್ಬೊಬ್ಬರಾಗಿ ಬಂದು ಬೇಲಿಯ ಪಕ್ಕ ನಿಂತು ಹವಾಮಾನದ ವಿಷಯ ಮಾತಾಡಿ ಹೋದರು. ನಮ್ಮ ಕಡೆ ಕ್ಷಮೆ ಕೇಳುವುದು ಹಾಗೆಯೇ. ಔಲಿಸನಿಗೆ ಹೆಸರು ವಾಪಸ್ಸು ಬಂತು. ಆದರೆ ಯಾರ ಬಾಯಲ್ಲಿ ಕೇಳಬೇಕಾಗಿತ್ತೋ ಅವನು ಚರ್ಚಿನ ಹಿಂದೆ ಮಲಗಿದ್ದ.

ಎತ್ತುವ ದಿನ ಬೆಂಕಿಬಂಡೆಯ ಸುತ್ತ ಖಾಲಿ ಡ್ರಮ್ಮುಗಳು, ಪಂಪುಗಳು, ಎರಡು ದೊಡ್ಡ ದೋಣಿ. ಔಲಿಸ ಬಂಡೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಒಂದು ಹಟ ಹಿಡಿದಿದ್ದ: ತಳದ ತೂತಿಗೆ ಹೊರಗಿಂದ ಮರದ ಬಿರಡೆ ಹೊಡೆಯಿರಿ, ಒಳಗಿನ ನಲ್ಲಿ ಮಾತ್ರ ಯಾರೂ ಮುಟ್ಟಬೇಡಿ.

ಮುಳುಗಾಳು ಮೇಲೆ ಬಂದು ಬಾಯಿಂದ ಕೊಳವೆ ತೆಗೆದ.

"ಚೆನ್ನಾಗಿ ಕೂತಿದೆ ಅಜ್ಜ. ಆದ್ರೆ ನಿಮ್ಮ ಹಿಂದಿನ ಲಂಗರಿನ ಕಬ್ಬಿಣದ ಹಗ್ಗ ಯಾವತ್ತೋ ತುಕ್ಕು ಹಿಡಿದು ತುಂಡಾಗಿದೆ. ಮೂತಿ ಅಂಚಿಂದ ಆಚೆ ಚಾಚಿದೆ, ಕೆಳಗೆ ಕಪ್ಪು ಕತ್ತಲು. ಮುಂದಿನ ಲಂಗರೇ ಹಿಡ್ಕೊಂಡಿರೋದು."

"ಮುಂದಿನ ಲಂಗರಾ? ಮುಂದೆ ನಾನು ಲಂಗರು ಹಾಕಿಲ್ಲ."

"ಇದೆಯಲ್ಲ. ಮೂತಿಯ ಸರಪಳಿಗೆ ಸೇರಿಸಿ ಬಂಡೆಯ ಬಿರುಕಿಗೆ ಹೊಡೆದಿದಾರೆ. ಅದಿಲ್ದೇ ಹೋಗಿದ್ರೆ ನಲವತ್ತಾಳಲ್ಲಿ ಇರ್ತಿತ್ತು."

"ನಿಂಗೆ ಕಣ್ಣು ಕಾಣಲ್ಲ. ತಂದು ತೋರ್ಸು."

ಕುಯಿಕ್ಕವನ್ನು ಬೇರೆ ಹಗ್ಗಗಳಲ್ಲಿ ಭದ್ರ ಮಾಡಿಕೊಂಡು, ಆ ಲಂಗರನ್ನು ಬಿಡಿಸಿ ಮೇಲೆತ್ತಿ ಅವನ ಕಾಲ ಬಳಿ ಇಟ್ಟರು. ಕೆಸರು ಇಳಿಯಿತು. ಒಂದು ಕೊಕ್ಕೆ ಸೊಟ್ಟ. ಲೆಂಪಿ ಬಾಯಿಗೆ ಕೈ ಒತ್ತಿಕೊಂಡಳು. ಬರ್ಚ್ ಸೊಪ್ಪಿನ ಕಟ್ಟು ನೇತುಹಾಕುತ್ತಿದ್ದ ಲಂಗರು. ಕುಯಿಕ್ಕ ಮುಳುಗಿದ ಆ ಬೇಸಿಗೆಯ ನಂತರ ತಾವೆತ್ತಿಯ ಸೌನಾ ಗೋಡೆಯ ಬಳಿ ಅದು ಕಾಣಲೇ ಇಲ್ಲ, ಗುಜರಿಯವನಿಗೆ ಕೊಟ್ಟೆ ಅಂದಿದ್ದ.

ಔಲಿಸ ಕುರ್ಚಿಯಿಂದ ಇಳಿದು ಬಂಡೆಯ ಮೇಲೆ ಮೊಣಕಾಲೂರಿದ. ಸರಪಳಿಯ ಕೊಂಡಿಯ ಮೇಲೆ ಹಸಿರುಗಟ್ಟಿದ ತಾಮ್ರದ ತಂತಿ. ಬೆರಳಿಂದ ಸವರಿದ. ತಿರುಗು ಮುರುಗಾಗಿ ಸುತ್ತಿತ್ತು. ತುದಿ ಮಡಚಿ ಒಳಗೆ ತೂರಿಸಿತ್ತು.

ತಾವೆತ್ತಿಯ ಸೌನಾದ ಮೆಟ್ಟಿಲಿನಿಂದ ಬೆಂಕಿಬಂಡೆ ನೇರವಾಗಿ ಕಾಣುತ್ತದೆ. ನೋಡಿರುತ್ತಾನೆ. ಹಡಗು ತಗ್ಗುತ್ತಿದೆ, ಮೂತಿ ಆಳದ ಕಡೆ ಜಾರುತ್ತಿದೆ. ಆ ಲಂಗರನ್ನು ಒಬ್ಬನೇ ದೋಣಿಗೆ ಹೊತ್ತು ಹಾಕಿ, ಹುಟ್ಟು ಹಾಕಿಕೊಂಡು ಬಂದಿರುತ್ತಾನೆ. ಸರಪಳಿಯ ನಡುವೆ ಬೆರಳು ಜಜ್ಜಿಸಿಕೊಂಡಿರುತ್ತಾನೆ. ಮುಳುಗುವ ಹಡಗಿನ ಮೇಲೆ ನಿಂತವನು ಕೆಳಗೆ ಇಣುಕದೆ ಇದ್ದಾನೆಯೇ? ಕೊಬ್ಬು ಬಳಿದ ಇಂಜಿನ್ ಕಂಡಿರಬೇಕು, ತೆರೆದ ನಲ್ಲಿಯೂ ಕಂಡಿರಬೇಕು. ಒಂದು ಕೈಯಲ್ಲಿ ತಿರುಗಿಸಿ ಮುಚ್ಚಬಹುದಿತ್ತು. ಕಾಗದಕ್ಕೆ ರುಜು ಹಾಕಿದವನು, ಮಾತು ಕೊಟ್ಟವನು, ಮುಚ್ಚಲಿಲ್ಲ. ದಡಕ್ಕೆ ಹೋಗಿ ಸಾಹೇಬನ ಎದುರು ತನ್ನ ಗೆಳೆಯನನ್ನು ಮರೆಗುಳಿ ಮಾಡಿ ಉಳಿಸಿದ. ಆಮೇಲೆ ಹದಿನೈದು ವರ್ಷ, ಊರಿಗೆ ಬೇರೆ ಅನುಮಾನ ಬಾರದ ಹಾಗೆ, ನಾಲ್ಕು ಜನ ಇದ್ದಾರೆಂದು ಖಾತ್ರಿ ಮಾಡಿಕೊಂಡು ಅದನ್ನೇ ಕೂಗಿದ.

ನಾಲ್ಕು ಜನ ಇಲ್ಲದೆ ಕೇಳಿದ್ದು ಒಂದೇ ಸಲ. ಆ ಕಿಟಕಿಯ ಪಕ್ಕ, ಕೈ ಚಾಚಿಕೊಂಡು.

"ಎದ್ದು ಬಂದ್ಬಿಟ್ಟೆ ಲೆಂಪಿ," ಔಲಿಸ ಅಂದ. "ಕೈ ಕೂಡಾ ಹಿಡಿಯದೆ ಎದ್ದು ಬಂದೆ ನಾನು." ಎಪ್ಪತ್ತೇಳರ ಮುದುಕ ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತ. ಲೆಂಪಿ ಅವನ ಟೋಪಿ ತೆಗೆದು ತಲೆ ನೇವರಿಸುತ್ತಾ ನಿಂತಳು.

ಮೂರು ಗಂಟೆಯ ಹೊತ್ತಿಗೆ ಕುಯಿಕ್ಕ ಮೇಲೆ ಬಂತು. ಮೊದಲು ಮೂತಿ, ಆಮೇಲೆ ಬೆನ್ನು. ಕಪ್ಪಗೆ, ಕೆಸರು ಸುರಿಸುತ್ತಾ, ಹಲಗೆಗೆ ಹಲಗೆ ಕಚ್ಚಿಕೊಂಡು. ಮಾರ್ಕೆತ ಚಾಕು ಚುಚ್ಚಿ ನೋಡಿದಳು. ಚಾಕು ಒಳಗೆ ಹೋಗಲಿಲ್ಲ. ದಡದಲ್ಲಿ ನಿಂತವರೆಲ್ಲ ಟೋಪಿ ತೆಗೆದರು.

ಪಂಪುಗಳು ನೀರು ಖಾಲಿ ಮಾಡಿದ ಮೇಲೆ ಔಲಿಸ ಯಾರ ಕೈಯೂ ಬೇಡವೆಂದು ಏಣಿ ಹಿಡಿದು ಇಂಜಿನ್ ಕೋಣೆಗೆ ಇಳಿದ. ಹೆಪ್ಪುಗಟ್ಟಿದ ಕೊಬ್ಬು ಬಿಳಿ ತೊಗಟೆಯ ಹಾಗೆ ಎಲ್ಲದರ ಮೇಲೂ ಇತ್ತು. ಉಗುರಿನಿಂದ ಕೆರೆದ. ಅಡಿಯಲ್ಲಿ ಉಕ್ಕು ಹೊಳೆಯಿತು. ಕೆಸರಿನಲ್ಲಿ ಮೊಣಕಾಲೂರಿ ಕೈಯಾಡಿಸಿ ತಳದ ನಲ್ಲಿ ಹುಡುಕಿದ. ಎರಡೇ ಬೆರಳಿಗೆ ತಿರುಗಿತು. ಪೂರ್ತಿ, ಕೊನೆಯ ಸುತ್ತಿನ ತನಕ ತಿರುಗಿಸಿ, ಬಿಗಿಯಾಯಿತೇ ಎಂದು ಇನ್ನೊಂದು ಸಲ ಒತ್ತಿ ನೋಡಿದ. ಆಮೇಲೆ ತಲೆ ಎತ್ತಿ, ಚಕ್ರದ ಕೋಣೆಯ ನೆಲಕ್ಕೆ, ಮೇಲಿಂದ ಒದೆ ಬೀಳುತ್ತಿದ್ದ ಆ ಜಾಗಕ್ಕೆ ಹೇಳಿದ:

"ಬಂದ್ ಮಾಡ್ದೆ, ಕಪ್ತಾನ."